ಬೆಳ್ಳಾವಿಯ ಹಿರಿಯರೊಬ್ಬರ ಸ್ಮರಣೆ

ಮಠದ ಉತ್ಸವಕಾಲದಲ್ಲಿ ಗುರುಪರಂಪರೆಯನ್ನು ನೆನೆಯುವುದು ಶಿಷ್ಯವರ್ಗದ ವಾಡಿಕೆ. ಅದರೊಡನೆ ಊರಿನ ಹಿರಿಯರನ್ನು ನೆನೆಯುವುದೂ ಶ್ರೇಯಸ್ಕರವಾದುದು. ರಕ್ತಸಂಬಂಧವುಳ್ಳವರು ಮಾತ್ರವೇ ಪೂರ್ವಿಕರಲ್ಲ. ಮುಂದಿನವರಿಗಾಗಿ ಜ್ಞಾನದ ಬುತ್ತಿಯನ್ನು ಕಟ್ಟಿಟ್ಟುಹೋದವರೂ ಪೂರ್ವಿಕರೇ. ತುಮಕೂರು ಸೀಮೆಯ ಬೆಳ್ಳಾವಿಯನ್ನು ತಮ್ಮ ಹೆಸರಿನೊಡನೆ ನಾಡಿಗೆಲ್ಲ ಪರಿಚಯ ಮಾಡಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಅಂತಹ ಮಹನೀಯರು.

ಅವರು ಜನಿಸಿದುದು 1872ರಲ್ಲಿ. ಅವರಿನ್ನೂ ಎಳೆಯ ಮಗುವಾಗಿದ್ದಾಗಲೇ 1876-78ರ ಮಹಾಕ್ಷಾಮವು ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನರನ್ನು ಆಹುತಿಗೊಂಡಿತು. 1881ರಲ್ಲಿ, 50 ವರ್ಷಗಳ ಕಮಿಷನರರ ಆಡಳಿತವು ಮುಗಿದು, ರಾಜ್ಯವು ಮರಳಿ ಒಡೆಯರ ಕೈಸೇರಿತು. ಆದರೆ ಉನ್ನತ ವಿದ್ಯೆಯೆಲ್ಲ ಇಂಗ್ಲಿಷಿನಲ್ಲಿಯೇ ಉಳಿಯಿತು. ಪದವಿಯನ್ನು ಕೊಡುತ್ತಿದ್ದುದು ಮದರಾಸಿನ ವಿಶ್ವವಿದ್ಯಾನಿಲಯ. ವೆಂಕಟನಾರಣಪ್ಪನವರು ಆ ವಿದ್ಯೆಯನ್ನೇ ಸಾಧಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು.

1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. 1918ರಲ್ಲಿ ಯೂರೋಪಿನ ಮಹಾಯುದ್ಧವು ಕೊನೆಗಂಡಿತು. ಇನ್‌ಫ್ಲುಯೆಂಜಾ ಜ್ವರವು ಹಳ್ಳಿಹಳ್ಳಿಗೂ ಹಬ್ಬಿತು. ಅದೇ ವರ್ಷ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಕಾಲೇಜಿನ ಗೋಡೆಯೊಳಗಿದ್ದ ಶಾಸ್ತ್ರವು ಕನ್ನಡ ಬಲ್ಲವನ ಮನೆಯ ಜಗುಲಿಗೆ ಬರಲೆಂಬುದೇ ಅದರ ಆಶಯ. ಪತ್ರಿಕೆಯು ಸುಮಾರು ಎರಡು ವರ್ಷಗಳಷ್ಟೇ ಬಾಳಿತು. ಅದರ ಆಯುಷ್ಯವು ಅಲ್ಪವಾದರೂ, ಶಾಸ್ತ್ರವಿಚಾರವನ್ನು ಕನ್ನಡದಲ್ಲಿ ಹೇಳಲು ಸಾಧ್ಯವೆಂಬುದು ಸಿದ್ಧವಾಯಿತು.

ಕನ್ನಡದ ಸೇವೆಯನ್ನು ಅವರು ಅಷ್ಟಕ್ಕೇ ಬಿಡಲಿಲ್ಲ. ಬ್ರಾಹ್ಮಣ ಮನೆತನದ ಈ ವಿದ್ವಾಂಸರು ಜೈನಮತಾನುಯಾಯಿಯಾದ ಪಂಪನ ‘ವಿಕ್ರಮಾರ್ಜುನವಿಜಯ’ವನ್ನು ಸಂಪಾದಿಸಿದರು, ಪರಿಷತ್ತು ಅದನ್ನು 1931ರಲ್ಲಿ ಪ್ರಕಟಿಸಿತು. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪರಿಷತ್ತಿನ ಬೃಹತ್ ನಿಘಂಟಿನ ಕಾರ್ಯಕ್ಕೆ ಮುಂದಾಳಾಗಿ ನಿಂತ ಅವರು, 1943ರಲ್ಲಿ ಅದರ ಆರಂಭದಲ್ಲಿಯೇ ಕಾಲವಾದರು. ಆ ನಿಘಂಟು 8 ಸಂಪುಟಗಳಾಗಿ ಪೂರ್ಣವಾದುದು 1995ರಲ್ಲಿ. ಬಿತ್ತಿದವರು ತೆನೆಯನ್ನು ಕಾಣಲಿಲ್ಲ.

ಶರಣರ ಮಕ್ಕಳಾದ ನಮಗೆ ಈ ಚರಿತ್ರೆಯು ಪರಕೀಯವಾದುದಲ್ಲ. 12ನೆಯ ಶತಮಾನದಲ್ಲಿ ಬಸವಾದಿ ಪ್ರಮಥರು ಅನುಭಾವವನ್ನು ಒಕ್ಕಲಿಗನಿಗೂ ಅಗಸನಿಗೂ ತಿಳಿಯುವ ತಿರುಳ್ಗನ್ನಡದಲ್ಲಿ ನುಡಿದರು. ಬೆಳ್ಳಾವೆಯವರು ಭೌತವಿದ್ಯೆಯನ್ನು ಆ ದಾರಿಯಲ್ಲಿಯೇ ನಡೆಸಿದರು. ಕ್ಷೇತ್ರ ಬೇರೆಯಾದರೂ ದಾಸೋಹದ ಭಾವ ಒಂದೇ.

ಅನ್ನವನ್ನು ಹಂಚಿ ಉಣ್ಣಬೇಕೆಂಬುದನ್ನು ನಾವು ಮರೆತಿಲ್ಲ. ಅರಿವನ್ನೂ ಹಾಗೆಯೇ ಹಂಚಬೇಕೆಂಬುದನ್ನು ಮರೆಯುತ್ತಿರುವೆವೋ ಎಂಬ ಅಳುಕು ಮಾತ್ರ ಇದೆ. ಇಂದು ನಮ್ಮ ಮನೆಯ ಮಕ್ಕಳು ದೊಡ್ಡ ವಿದ್ಯೆಗಳನ್ನು ಕಲಿತು ದೂರದೂರುಗಳಲ್ಲಿದ್ದಾರೆ. ಅವರು ಊರಿಗೆ ಬಂದಾಗ, ತಾವು ಕಲಿತುದರಲ್ಲಿ ಒಂದಂಶವನ್ನಾದರೂ ತಾಯಿಗೆ ತಿಳಿಯುವ ಕನ್ನಡದಲ್ಲಿ ಹೇಳಲಿ. ಆ ಹಿರಿಯರ ಋಣವು ತೀರುವ ಬಗೆ ಇದೊಂದೇ. ಗುರುಕೃಪೆಯು ಅದಕ್ಕೆ ಬೆಂಬಲವಾಗಿರಲಿ.