ಚರ್ಮ ಮತ್ತು ಲೋಳೆಪೊರೆಯ ಲೂಪಸ್

ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಚರ್ಮ, ಲೋಳೆಪೊರೆಗಳ ಮೇಲೆ ತಿರುಗಿಬೀಳುವ ದೀರ್ಘಕಾಲದ ಕಾಯಿಲೆ; ಅಂಟುರೋಗವಲ್ಲ. ಹೆಂಗಸರಲ್ಲಿ ಹೆಚ್ಚು. ಬಿಸಿಲು ಇದನ್ನು ಕೆರಳಿಸುತ್ತದೆ. ಮಂಡ್ಯ ತಾಲ್ಲೂಕಿನ ದುದ್ದದಂಥ ಹೋಬಳಿಯಲ್ಲಿ ಕಬ್ಬು, ರಾಗಿ ಹೊಲದ ದುಡಿಮೆಯವರಿಗೆ ‘ಬಿಸಿಲಿಗೆ ಹೋಗಬೇಡಿ’ ಎನ್ನುವುದು ಸುಲಭ, ಪಾಲಿಸುವುದು ಕಷ್ಟ. ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ, ಸನ್‌ಸ್ಕ್ರೀನ್, ನಡುಹಗಲು ತಪ್ಪಿಸಿ ಕೆಲಸ: ಇಷ್ಟಾದರೂ ಬೇಕು.

ಕಂದು ಮೈಬಣ್ಣದಲ್ಲಿ ಕೆನ್ನೆ, ಮೂಗಿನ ಮೇಲಿನ ಚಿಟ್ಟೆಯಾಕಾರದ ಕೆಂಪು ಎದ್ದುಕಾಣದು. ಬಂಗು ಎಂದುಕೊಂಡು ಸುಮ್ಮನಾಗುವವರುಂಟು. ಡಿಸ್ಕಾಯ್ಡ್ ಬಗೆಯಲ್ಲಿ ನೆತ್ತಿ, ಕಿವಿ, ತುಟಿಗಳ ಮೇಲೆ ನಡು ಬಿಳಿಚಿ ಅಂಚು ಕಪ್ಪಾದ ಮಚ್ಚೆಗಳೇಳುತ್ತವೆ. ತೊನ್ನೆಂದು ಹೆದರುವುದು ಇವನ್ನು ಕಂಡೇ. ಗಾಯದ ಕಲೆ ಉಳಿದಲ್ಲಿ ಕೂದಲು ಮತ್ತೆ ಹುಟ್ಟದು. ಈ ರೋಗದಲ್ಲಿ ಏಳುವ ಅಂಗುಳಿನ ಹುಣ್ಣು ಎಷ್ಟೋ ಸಲ ನೋಯುವುದೇ ಇಲ್ಲ, ಹಾಗಾಗಿ ಬಾಯಿ ತೆರೆಸಿ ನೋಡಬೇಕು.

ಚರ್ಮದ ಬಯಾಪ್ಸಿ ರೋಗವನ್ನು ಖಚಿತಪಡಿಸಲು ನೆರವಾಗುತ್ತದೆ; ಎಎನ್ಎ (ಆಂಟಿನ್ಯೂಕ್ಲಿಯರ್ ಪ್ರತಿಕಾಯ) ರಕ್ತಪರೀಕ್ಷೆ, ಮೂತ್ರದ ಪ್ರೋಟೀನ್ ತಪಾಸಣೆ ರೋಗ ಒಳಾಂಗಗಳಿಗೂ ಹಬ್ಬಿರಬಹುದೇ ಎಂದು ತಿಳಿಯಲು. ಸ್ಟೀರಾಯ್ಡ್ ಅಥವಾ ಟಾಕ್ರೋಲಿಮಸ್ ಮುಲಾಮು ಮೊದಲ ಮದ್ದು. ಆದರೆ ವೈದ್ಯರ ಸಲಹೆಯಿಲ್ಲದೆ ಅಂಗಡಿಯಲ್ಲಿ ಕೇಳಿ ತಂದು ಹಚ್ಚುವ ಸ್ಟೀರಾಯ್ಡ್ ಮುಖದ ಚರ್ಮವನ್ನೇ ತೆಳುವಾಗಿಸಬಹುದು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ದಿನಕ್ಕೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಮೀರಬಾರದು, ಕಣ್ಣಿನ ಪರೀಕ್ಷೆ ತಪ್ಪಬಾರದು. ಧೂಮಪಾನಿಗಳಲ್ಲಿ ಈ ಮಾತ್ರೆಯ ಫಲ ಕಡಿಮೆ. ರೋಗ ಇದಕ್ಕೂ ಬಗ್ಗದಿದ್ದರೆ ಮೆಥೋಟ್ರೆಕ್ಸೇಟ್‌ನಂಥ ಮದ್ದು; ಮೆಥೋಟ್ರೆಕ್ಸೇಟ್ ಗರ್ಭಿಣಿಯರಿಗೆ ಸಲ್ಲದು.