ನೆಲಮಾಳಿಗೆಯ ಬೃಹತ್ ಅಕ್ವೇರಿಯಂ

ಮನೆಯ ನೆಲಮಾಳಿಗೆಯಲ್ಲಿ, ನಿಲ್ಲಬೇಕಾದ ಜಾಗದಲ್ಲೇ, ಮನೆಯವರು ತಮ್ಮ ಕೈಯಿಂದ ಕಟ್ಟಿಕೊಳ್ಳುವ ದೊಡ್ಡ ಮೀನಿನ ತೊಟ್ಟಿ. ಸಾವಿರ ಲೀಟರಿನಿಂದ ಹಿಡಿದು ಹತ್ತು ಸಾವಿರ ಲೀಟರ್ ಮೀರಿದ ತೊಟ್ಟಿಗಳವರೆಗೆ ಇದರ ವ್ಯಾಪ್ತಿ. ಇಷ್ಟು ದೊಡ್ಡ ಗಾಜಿನ ಪೆಟ್ಟಿಗೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ಅಪರೂಪ. ಸಿಕ್ಕರೂ ಮೆಟ್ಟಿಲಿಳಿಸಿ ಬಾಗಿಲು ದಾಟಿಸಲಾಗದು. ಹಾಗಾಗಿ ಹಲಗೆ, ಗಾಜು, ಅಂಟುಗಳನ್ನು ಬಿಡಿಬಿಡಿಯಾಗಿ ಕೆಳಗೆ ಒಯ್ದು ಅಲ್ಲೇ ಜೋಡಿಸುತ್ತಾರೆ.

ಈ ಹವ್ಯಾಸಕ್ಕೆ ತಕ್ಕ ಜಾಗ ಸಿಕ್ಕಿರುವುದು ಕೆನಡಾ ಮತ್ತು ಅಮೆರಿಕದ ಉತ್ತರದ ರಾಜ್ಯಗಳಲ್ಲಿ. ಅಲ್ಲಿ ಚಳಿಗಾಲಕ್ಕೆ ನೆಲ ಹೆಪ್ಪುಗಟ್ಟಿ ಮಣ್ಣು ಉಬ್ಬುತ್ತದೆ. ಅದು ಮನೆಯನ್ನು ಎತ್ತಿಹಾಕದಿರಲೆಂದು ಪಾಯವನ್ನು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ಇಳಿಸುತ್ತಾರೆ. ಹೇಗೂ ಅಷ್ಟು ಆಳ ಅಗೆಯಬೇಕಾದ್ದರಿಂದ ಅದೇ ಒಂದು ಅಂತಸ್ತಾಗುತ್ತದೆ. ಮನೆ ಬಿಸಿಮಾಡುವ ಕುಲುಮೆ, ಬಟ್ಟೆ ಒಗೆಯುವ ಯಂತ್ರ, ನೀರಿನ ನಲ್ಲಿ, ನೆಲದಲ್ಲೊಂದು ಬಚ್ಚಲ ಕಂಡಿ ಇವೆಲ್ಲ ಅಲ್ಲೇ ಇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಲ ಕೆಳಗೆ ಮಣ್ಣಿನ ಮೇಲೆಯೇ ಕೂತ ಕಾಂಕ್ರೀಟ್ ಹಾಸು ಇರುತ್ತದೆ.

ಭಾರ ಮತ್ತು ಒತ್ತಡ

ಪ್ಲೈವುಡ್ ಹಲಗೆ 8 ಅಡಿ ಉದ್ದ, 4 ಅಡಿ ಅಗಲದ ಅಳತೆಯಲ್ಲಿ ಬರುವುದರಿಂದ ಈ ತೊಟ್ಟಿಗಳ ತಳದ ಅಳತೆಯೂ ಬಹಳ ಸಲ ಅದೇ ಆಗಿರುತ್ತದೆ. ಎರಡೂವರೆ ಅಡಿ ಎತ್ತರ ಕೊಟ್ಟರೆ ಸುಮಾರು 2,200 ಲೀಟರ್ ನೀರು ಹಿಡಿಯುತ್ತದೆ. ಅಂದರೆ ನೀರೊಂದೇ 2.2 ಟನ್; ಮರಳು, ಕಲ್ಲು, ಮರದ ಚೌಕಟ್ಟು, ಗಾಜಿನ ತೂಕ ಬೇರೆ. ನೀರಿನ ಆಳ 75 ಸೆಂ.ಮೀ. ಇದ್ದರೆ ನೆಲದ ಪ್ರತಿ ಚದರ ಮೀಟರಿನ ಮೇಲೆ 750 ಕೆ.ಜಿ. ಬೀಳುತ್ತದೆ. ಅಮೆರಿಕದ ಮನೆಗಳ ಮರದ ತೊಲೆಯ ಮಹಡಿಯನ್ನು ಚದರ ಅಡಿಗೆ 40 ಪೌಂಡ್, ಅಂದರೆ ಚದರ ಮೀಟರಿಗೆ 195 ಕೆ.ಜಿ. ಬಳಕೆಯ ಭಾರಕ್ಕೆ ಲೆಕ್ಕಹಾಕಿ ಕಟ್ಟಿರುತ್ತಾರೆ. ಭಾರತದ ಮಾನದಂಡದಲ್ಲೂ ವಾಸದ ಕೋಣೆಗೆ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 200 ಕೆ.ಜಿ.ಯೇ. ಆದ್ದರಿಂದ ಬೆಂಗಳೂರಿನ ಅಪಾರ್ಟ್‌ಮೆಂಟಿನ ಐದನೆಯ ಮಹಡಿಯಲ್ಲಿ ಇಂಥದ್ದನ್ನು ಕಟ್ಟಬೇಕೆನ್ನುವವರು ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕಾಣಬೇಕು. ನೆಲಮಾಳಿಗೆಯಿಲ್ಲದ ನಮ್ಮ ಊರುಗಳಲ್ಲಿ ನೆಲದ ಮೇಲೆಯೇ ಕಟ್ಟಿದ ಕೆಳಮನೆಯೇ ಇದಕ್ಕೆ ಸರಿಯಾದ ತಾಣ.

ಕೆಳಮುಖ ಭಾರವನ್ನು ಕಾಂಕ್ರೀಟು ಹೊರುತ್ತದೆ. ಕಟ್ಟುವವರ ನಿದ್ದೆ ಕೆಡಿಸುವುದು ಪಕ್ಕಕ್ಕೆ ತಳ್ಳುವ ಬಲ. ಮೇಲೆ ಹೇಳಿದ ತೊಟ್ಟಿಯ ಮುಂಗಾಜಿನ ಮೇಲೆ ನೀರು ಒಟ್ಟು ಸುಮಾರು 690 ಕೆ.ಜಿ. ತೂಕಕ್ಕೆ ಸಮನಾದ ಬಲ ಹಾಕುತ್ತದೆ. ಈ ಬಲ ತೊಟ್ಟಿ ಹಿಂದಕ್ಕೆ ಎಷ್ಟು ಚಾಚಿದೆ ಎಂಬುದನ್ನು ಅವಲಂಬಿಸಿಲ್ಲ. ಹಿಂಗೋಡೆ ನಾಲ್ಕು ಅಡಿ ದೂರವಿರಲಿ, ನಲವತ್ತು ಅಡಿ ದೂರವಿರಲಿ, ಗಾಜಿಗೆ ಬೀಳುವ ಒತ್ತಡ ಒಂದೇ. ಆಳ ಮಾತ್ರ ಲೆಕ್ಕ ಬದಲಿಸುತ್ತದೆ, ಅದೂ ವರ್ಗದ ಪ್ರಮಾಣದಲ್ಲಿ: ಆಳ ಎರಡು ಪಟ್ಟಾದರೆ ಗಾಜಿನ ಮೇಲಿನ ಬಲ ನಾಲ್ಕು ಪಟ್ಟು. ಹೊಸಬರು ಎತ್ತರದ ತೊಟ್ಟಿಗೆ ಆಸೆಪಡುತ್ತಾರೆ, ಅನುಭವಿಗಳು ಉದ್ದ ಮತ್ತು ಅಗಲಕ್ಕೆ ಹಣ ಹಾಕುತ್ತಾರೆ. ಮೀನಿಗೆ ಬೇಕಾದ್ದೂ ಈಜಿ ಹೊರಳುವ ಜಾಗವೇ ಹೊರತು ಆಳವಲ್ಲ. ಮುಕ್ಕಾಲು ಮೀಟರಿಗಿಂತ ಆಳವಾದರೆ ಮನುಷ್ಯನ ತೋಳು ತಳ ಮುಟ್ಟದು, ಪ್ರತಿ ಸಲ ಶುಚಿಮಾಡಲು ಒಳಗೇ ಇಳಿಯಬೇಕಾಗುತ್ತದೆ.

ಹಿನ್ನೆಲೆ

ಫ್ರೆಂಚ್ ಜೀವವಿಜ್ಞಾನಿ ಜೀನ್ ವಿಲ್ಪ್ರು-ಪವರ್ 1832ರಲ್ಲಿ ಸಿಸಿಲಿಯಲ್ಲಿ ಕಡಲಜೀವಿಗಳ ಅಧ್ಯಯನಕ್ಕೆ ಗಾಜಿನ ತೊಟ್ಟಿಗಳನ್ನು ಮಾಡಿಸಿಕೊಂಡರು. ಲಂಡನ್ನಿನ ಮೃಗಾಲಯ 1853ರಲ್ಲಿ ಸಾರ್ವಜನಿಕರಿಗೆ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕ ಮನೆಮನೆಗೆ ಈ ಹುಚ್ಚು ಹತ್ತಿಸಿತು. ಆಗಿನ ತೊಟ್ಟಿಗಳಲ್ಲಿ ಲೋಹದ ಚೌಕಟ್ಟಿಗೆ ಗಾಜನ್ನು ಪುಟ್ಟಿಯಿಂದ ಕೂರಿಸುತ್ತಿದ್ದರು. ಪುಟ್ಟಿ ಒಣಗಿದರೆ ಬಿರುಕು, ಬಿರುಕು ಬಿಟ್ಟರೆ ಸೋರಿಕೆ. 1960ರ ದಶಕದಲ್ಲಿ ಸಿಲಿಕೋನ್ ಅಂಟು ಹವ್ಯಾಸಿಗಳ ಕೈಗೆ ಬಂದ ಮೇಲೆ ಚೌಕಟ್ಟಿನ ಹಂಗೇ ತಪ್ಪಿತು. ಮನೆಯಲ್ಲೇ ದೊಡ್ಡ ತೊಟ್ಟಿ ಕಟ್ಟುವ ಧೈರ್ಯ ಬಂದದ್ದು ಆ ಅಂಟಿನಿಂದ.

ಕಟ್ಟುವ ಬಗೆ

ನಾಲ್ಕೂ ಬದಿ ಗಾಜಿನದಾದರೆ ವೆಚ್ಚ ಕೈಗೆ ಎಟುಕುವುದಿಲ್ಲ. ಆದ್ದರಿಂದ ತಳ, ಹಿಂಬದಿ, ಪಕ್ಕಗಳನ್ನು ಪ್ಲೈವುಡ್ಡಿನಲ್ಲಿ ಮಾಡಿ ಮುಂದೆ ಮಾತ್ರ ಗಾಜು ಕೂರಿಸುವುದು ರೂಢಿ. ಸರಳುಹಾಕಿದ ಕಾಂಕ್ರೀಟ್ ಇಟ್ಟಿಗೆಯಲ್ಲೂ ಕಟ್ಟುವವರಿದ್ದಾರೆ. ಅಂಥ ತೊಟ್ಟಿಯ ಒಳಮೈಗೆ ಲೇಪನ ಕೊಡದಿದ್ದರೆ ಸಿಮೆಂಟಿನ ಸುಣ್ಣ ನೀರಿಗಿಳಿದು ಕ್ಷಾರತೆ ಏರುತ್ತದೆ.

ಪ್ಲೈವುಡ್ ಸಾಮಾನ್ಯವಾಗಿ ಮುಕ್ಕಾಲು ಅಂಗುಲ ದಪ್ಪದ್ದು. ಸಂದುಗಳಿಗೆ ಅಂಟು ಬಳಿದು ಒತ್ತೊತ್ತಾಗಿ ಸ್ಕ್ರೂ ಹಾಕಿ, ಹೊರಗಿನಿಂದ ದಪ್ಪ ಮರದ ಪಟ್ಟಿಗಳ ಚೌಕಟ್ಟು ಸುತ್ತುತ್ತಾರೆ. ತುಂಬಿದ ತೊಟ್ಟಿಯ ಮೇಲಂಚು ನಡುವಿನಲ್ಲಿ ಹೊರಕ್ಕೆ ಬಾಗಲು ನೋಡುತ್ತದೆ. ಅದನ್ನು ಹಿಡಿದಿಡಲು ಮುಂದಿನಿಂದ ಹಿಂದಕ್ಕೆ ಅಡ್ಡಪಟ್ಟಿ ಬೇಕೇಬೇಕು. ಕಾಂಕ್ರೀಟ್ ಹಾಸಿನ ಮಟ್ಟವನ್ನು ರಸಮಟ್ಟದಿಂದ ನೋಡಿಕೊಂಡು ಪೀಠ ಕಟ್ಟುವುದು ಇದಕ್ಕೂ ಮೊದಲಿನ ಕೆಲಸ. ಬಚ್ಚಲ ಕಂಡಿಯ ಕಡೆಗೆ ಹಾಸು ಇಳಿಜಾರಾಗಿಯೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಒಳಗೆ ನೀರು ತಡೆಯುವುದು ಮರವಲ್ಲ, ಲೇಪನ. ಎಪಾಕ್ಸಿ ಬಹುಮಂದಿಯ ಆಯ್ಕೆ. ಮೂಲೆ ಮತ್ತು ಸಂದುಗಳಿಗೆ ಫೈಬರ್‌ಗ್ಲಾಸ್ ಬಟ್ಟೆಯ ಪಟ್ಟಿಯನ್ನು ಎಪಾಕ್ಸಿಯಲ್ಲೇ ನೆನೆಸಿ ಅಂಟಿಸಿ, ಆಮೇಲೆ ಇಡೀ ಒಳಮೈಗೆ ಹಲವು ಕೋಟ್ ಕೊಡುತ್ತಾರೆ. ರಾಳ ಮತ್ತು ಗಟ್ಟಿಕಾರಕ ಬೆರೆತ ಕ್ಷಣದಿಂದ ರಾಸಾಯನಿಕ ಕ್ರಿಯೆ ಶುರುವಾಗಿ ಶಾಖ ಹುಟ್ಟುತ್ತದೆ. ಬಕೆಟ್ಟಿನಲ್ಲೇ ಬಿಟ್ಟರೆ ಶಾಖ ಒಳಗೇ ಕೂಡಿಕೊಂಡು ನಿಮಿಷಗಳಲ್ಲಿ ಹೊಗೆಯಾಡಿ ಗಟ್ಟಿಯಾಗುತ್ತದೆ. ಹಾಗಾಗಿ ಬೆರೆಸಿದ ತಕ್ಷಣ ಅಗಲವಾದ ತಟ್ಟೆಗೆ ಸುರಿದುಕೊಳ್ಳುತ್ತಾರೆ. ಹಿಂದಿನ ಕೋಟ್ ಪೂರ್ತಿ ಒಣಗಿದ್ದರೆ ಉಪ್ಪು ಕಾಗದದಿಂದ ಉಜ್ಜದೆ ಮುಂದಿನದು ಹಿಡಿಯುವುದಿಲ್ಲ. ದ್ರಾವಕವಿರುವ ಬಣ್ಣ ಬಳಸುವಾಗ ನೆಲಮಾಳಿಗೆಯೇ ಅಪಾಯಕಾರಿ. ಗಾಳಿಯಾಡದ ಆ ಜಾಗದಲ್ಲಿ ಕುಲುಮೆಯ ಬೆಂಕಿ ಉರಿಯುತ್ತಿರುತ್ತದೆ, ಆವಿಗೆ ಕಿಡಿ ತಾಗಲು ಅಷ್ಟು ಸಾಕು. ಎಪಾಕ್ಸಿಯ ತಾಪತ್ರಯ ಬೇಡವೆನ್ನುವವರು ಕೊಳಕ್ಕೆ ಹಾಸುವ ರಬ್ಬರ್ ಹಾಳೆಯನ್ನು ಒಳಗೆ ಹೊದಿಸುತ್ತಾರೆ. ಮೂಲೆಗಳಲ್ಲಿ ಮಡಿಕೆ ಬಿದ್ದು ಚೆಂದ ಕೆಡುತ್ತದೆ, ಆದರೆ ಮರ ಕೊಂಚ ಅಲುಗಿದರೂ ರಬ್ಬರು ಬಿರುಕು ಬಿಡುವುದಿಲ್ಲ.

ಗಾಜು ಕೂರಿಸುವ ದಿನ ಇಡೀ ಕೆಲಸದ ಅತಿ ನಾಜೂಕಿನ ದಿನ. ಮುಂಬದಿಯ ಪ್ಲೈವುಡ್ಡಿನಲ್ಲಿ ಕಿಟಕಿಯಂತೆ ತೆರಪು ಕೊರೆದು, ಸುತ್ತಲೂ ಒಂದೆರಡು ಅಂಗುಲ ಅಂಚು ಉಳಿಯುವಂತೆ ಗಾಜನ್ನು ಒಳಗಿನಿಂದ ಆನಿಸುತ್ತಾರೆ. ನೀರು ತುಂಬಿದಾಗ ಒತ್ತಡವೇ ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ; ಅಂಟಿನ ಪಾಲಿಗೆ ಉಳಿಯುವುದು ಸಂದು ಮುಚ್ಚುವ ಕೆಲಸವಷ್ಟೆ. ಇದಕ್ಕಾಗಿ ತೊಟ್ಟಿಯನ್ನು ಮುಖ ಕೆಳಗಾಗಿ ಮಲಗಿಸುತ್ತಾರೆ. 8 ಅಡಿ ಉದ್ದ, ಎರಡೂವರೆ ಅಡಿ ಎತ್ತರ, 19 ಮಿ.ಮೀ. ದಪ್ಪದ ಗಾಜಿನ ತೂಕ ಸುಮಾರು 85 ಕೆ.ಜಿ. ಇಬ್ಬರು ಮೂವರು ರಬ್ಬರ್ ಹಿಡಿಕೆಗಳಿಂದ ಎತ್ತಿ ಹಿಡಿದಿರುವಾಗ ಇನ್ನೊಬ್ಬರು ಅಂಚಿನುದ್ದಕ್ಕೂ ಸಿಲಿಕೋನ್ ಹಿಂಡಿಕೊಂಡು ಬರುತ್ತಾರೆ. ವಿನೆಗರಿನ ಘಾಟು ಕೋಣೆ ತುಂಬುತ್ತದೆ. ಹತ್ತು ನಿಮಿಷ ಕಳೆದರೆ ಅಂಟಿನ ಮೇಲೆ ಕೆನೆಗಟ್ಟತೊಡಗುವುದರಿಂದ ಅಷ್ಟರೊಳಗೆ ಗಾಜು ಇಳಿಯಬೇಕು. ಭಾರಕ್ಕೆ ಅಂಟೆಲ್ಲ ಹೊರಚಿಮ್ಮದಿರಲೆಂದು ನಡುನಡುವೆ ಮೂರು ಮಿ.ಮೀ. ದಪ್ಪದ ಬಿಲ್ಲೆಗಳನ್ನು ಮೊದಲೇ ಇಟ್ಟಿರುತ್ತಾರೆ. ಆಮೇಲೆ ವಾರವಾದರೂ ಯಾರೂ ಮುಟ್ಟಬಾರದು. ಒಣಗಿದ ಸಿಲಿಕೋನಿಗೆ ಹೊಸ ಸಿಲಿಕೋನ್ ಸರಿಯಾಗಿ ಹಿಡಿಯದ ಕಾರಣ ಇಲ್ಲಿ ತೇಪೆ ಹಚ್ಚುವ ಮಾತಿಲ್ಲ. ತಪ್ಪಿದರೆ ಎಲ್ಲವನ್ನೂ ಕೆರೆದು ತೆಗೆದು ಮೊದಲಿನಿಂದ ಮಾಡಬೇಕು.

ಗಾಜಿನ ದಪ್ಪವನ್ನು ಅದು ಒಡೆಯುವ ಬಲದ ನಾಲ್ಕನೆಯ ಒಂದು ಭಾಗದಷ್ಟೇ ಒತ್ತಡ ಬೀಳುವಂತೆ ಆರಿಸುವುದು ವಾಡಿಕೆ. ಹವ್ಯಾಸಿಗಳ ಕೋಷ್ಟಕಗಳಲ್ಲಿ ಸುರಕ್ಷತೆಯ ಅಂಶ 3.8 ಎಂದಿರುತ್ತದೆ. ಈ ವಿಷಯದಲ್ಲಿ ಹಣ ಉಳಿಸಲು ಹೋಗಬಾರದು. ಟೆಂಪರ್ಡ್ ಗಾಜು ಹೆಚ್ಚು ಗಟ್ಟಿಯಾದರೂ ಒಡೆದರೆ ಒಮ್ಮೆಗೇ ಚೂರುಚೂರಾಗುತ್ತದೆ, ಹದಗೊಳಿಸಿದ ಮೇಲೆ ಅದಕ್ಕೆ ತೂತು ಕೊರೆಯಲೂ ಬರುವುದಿಲ್ಲ. ಅಕ್ರಿಲಿಕ್ ಗಾಜಿನ ಅರ್ಧ ತೂಕದ್ದು, ಆದರೆ ಬೇಗ ಗೀಚು ಬೀಳುತ್ತದೆ, ಸಿಲಿಕೋನ್ ಅದಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ.

ನೀರಿನ ನಡೆ

ಮೀನಿನ ಮಲದಿಂದಲೂ ಕಿವಿರುಗಳಿಂದಲೂ ಬರುವ ಅಮೋನಿಯ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟಾಗಿಯೂ ಇನ್ನೊಂದು ಬಗೆ ನೈಟ್ರೈಟನ್ನು ಅಷ್ಟು ಕೇಡಿಲ್ಲದ ನೈಟ್ರೇಟಾಗಿಯೂ ಬದಲಿಸುತ್ತವೆ. ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುವುದರಿಂದ ತೊಟ್ಟಿ ತುಂಬಿದ ದಿನವೇ ಮೀನು ಬಿಡುವುದು ಕ್ರೌರ್ಯ. ದೊಡ್ಡ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾದ ಮನೆ ಸಂಪ್ ಎನ್ನುವ ಎರಡನೆಯ ತೊಟ್ಟಿ. ಮೇಲಿನ ನೀರು ಉಕ್ಕಿ ಕೊಳವೆಯ ಮೂಲಕ ಅದಕ್ಕಿಳಿದು, ಸ್ಪಂಜು ಮತ್ತು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಹಾದು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಇಳಿಕೊಳವೆ ಒಂದೇ ಇದ್ದು ಅದರಲ್ಲಿ ಬಸವನಹುಳು ಸಿಕ್ಕಿಕೊಂಡರೆ ಪಂಪು ಮಾತ್ರ ಓಡುತ್ತಲೇ ಇರುತ್ತದೆ, ನೀರು ನೆಲಕ್ಕೆ ಚೆಲ್ಲುತ್ತದೆ. ಅದಕ್ಕೇ ಎರಡನೆಯ, ಮೂರನೆಯ ಕೊಳವೆಯನ್ನು ಆಪತ್ತಿಗೆಂದು ಇಟ್ಟಿರುತ್ತಾರೆ. ಕರೆಂಟು ಹೋದಾಗಿನ ಲೆಕ್ಕ ಇನ್ನೊಂದು. 8 ಅಡಿ, 4 ಅಡಿಯ ತೊಟ್ಟಿಯಲ್ಲಿ ಒಂದೇ ಸೆಂ.ಮೀ. ನೀರು ಇಳಿದರೂ 30 ಲೀಟರ್. ಪಂಪು ನಿಂತಾಗ ಕೆಳಗಿಳಿಯುವ ಅಷ್ಟೂ ನೀರಿಗೆ ಸಂಪಿನಲ್ಲಿ ಖಾಲಿ ಜಾಗವಿರಬೇಕು.

ವಾರಕ್ಕೆ ಕಾಲುಭಾಗ ನೀರು ಬದಲಿಸಬೇಕೆಂದರೆ 550 ಲೀಟರ್. ಬಕೆಟ್ಟಿನಲ್ಲಿ ಆಗುವ ಕೆಲಸವಲ್ಲ. ನಲ್ಲಿಯಿಂದ ಇದ್ದಿಲಿನ ಫಿಲ್ಟರ್ ಮೂಲಕ ಹಗಲಿರುಳೂ ಹನಿಹನಿಯಾಗಿ ನೀರು ಬಿಟ್ಟು, ಹೆಚ್ಚಾದದ್ದು ಬಚ್ಚಲ ಕಂಡಿಗೆ ತಾನೇ ಹೋಗುವಂತೆ ಮಾಡುವುದು ಉತ್ತಮ ಏರ್ಪಾಡು. ಇದ್ದಿಲು ನಲ್ಲಿನೀರಿನ ಕ್ಲೋರಿನನ್ನು ಹಿಡಿಯುತ್ತದೆ.

ಶಾಖ, ತೇವ, ಅನಾಹುತ

ನೆಲಮಾಳಿಗೆ ಸದಾ ತಂಪು, ಉಷ್ಣವಲಯದ ಮೀನಿಗೆ ಬೇಕಾದ್ದು 25 ಡಿಗ್ರಿಯ ಆಸುಪಾಸು. 2,200 ಲೀಟರನ್ನು ಹತ್ತು ಡಿಗ್ರಿ ಬಿಸಿಮಾಡಲು ಸುಮಾರು 26 ಯೂನಿಟ್ ವಿದ್ಯುತ್ ಬೇಕು. ಆಮೇಲೆ ಆ ಬಿಸಿ ಕಾಯ್ದುಕೊಳ್ಳುವಲ್ಲಿ ಪ್ಲೈವುಡ್ ಗಾಜಿಗಿಂತ ಮೇಲು, ಹೊರಗಿನಿಂದ ಥರ್ಮೊಕೋಲ್ ಹಾಳೆ ಹೊದಿಸಿದರೆ ಇನ್ನೂ ಮೇಲು. ಮುಚ್ಚಳವಿಲ್ಲದ ತೊಟ್ಟಿಯ ನೀರು ದಿನಕ್ಕೆ ಅರ್ಧ ಸೆಂ.ಮೀ. ಆವಿಯಾದರೂ 15 ಲೀಟರ್ ನೀರು ಮನೆಯ ಗಾಳಿ ಸೇರಿತು. ಚಳಿಗಾಲದಲ್ಲಿ ಅದು ತಣ್ಣನೆಯ ಗೋಡೆಗೆ ತಾಗಿ ಬೆವರಿ, ಬೂಷ್ಟು ಹಿಡಿಸಿ, ಮೇಲಿನ ತೊಲೆಗಳನ್ನು ಕೊಳೆಸುತ್ತದೆ. ಬಿಗಿ ಮುಚ್ಚಳ, ತೇವ ಹೀರುವ ಯಂತ್ರ ಎರಡೂ ಕಟ್ಟುವ ಮೊದಲೇ ಖರ್ಚಿನ ಪಟ್ಟಿಯಲ್ಲಿರಬೇಕು. ನೀರಿನ ಬಳಿಯ ಪ್ರತಿ ಪ್ಲಗ್ಗಿಗೂ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ ಕಡ್ಡಾಯ.

ಬರ್ಲಿನ್ನಿನ ಹೋಟೆಲೊಂದರಲ್ಲಿದ್ದ ಅಕ್ವಾಡೋಮ್, ಸುಮಾರು ಹತ್ತು ಲಕ್ಷ ಲೀಟರಿನ ಅಕ್ರಿಲಿಕ್ ಕಂಬ, 2022ರ ಡಿಸೆಂಬರ್ 16ರ ಬೆಳಗಿನ ಜಾವ ಸಿಡಿದು ಒಡೆಯಿತು. ನುರಿತ ಎಂಜಿನಿಯರುಗಳು ಕಟ್ಟಿದ್ದಕ್ಕೇ ಹೀಗಾಗಬಹುದಾದರೆ ಮನೆಯಲ್ಲಿ ಕಟ್ಟಿದವರು ಪರೀಕ್ಷೆಗೆ ಸಮಯ ಕೊಡಲೇಬೇಕು. ತೊಟ್ಟಿಯನ್ನು ಹಂತಹಂತವಾಗಿ ತುಂಬಿ, ಪ್ರತಿ ಹಂತದಲ್ಲೂ ಒಂದು ದಿನ ಬಿಟ್ಟು, ಗಾಜು ಎಷ್ಟು ಬಾಗಿದೆ ಎಂದು ಅಳೆದು, ಸಂದುಗಳಿಗೆ ಒಣ ಕಾಗದ ಒತ್ತಿ ನೋಡುವುದು ಸರಿಯಾದ ಕ್ರಮ.

ಮೀನುಗಳು

ಇಷ್ಟೆಲ್ಲ ಯಾಕೆ ಎಂಬುದಕ್ಕೆ ಉತ್ತರ ಅಂಗಡಿಗಳಲ್ಲಿದೆ. ಬೆರಳುದ್ದಕ್ಕೆ ಮಾರುವ ಅಮೆಜಾನಿನ ಕೆಂಪುಬಾಲದ ಕ್ಯಾಟ್‌ಫಿಶ್ ಒಂದು ಮೀಟರ್ ಮೀರಿ ಬೆಳೆಯುತ್ತದೆ. ‘ಶಾರ್ಕ್’ ಎಂದು ಮಾರುವ ಪಂಗಾಸಿಯಸ್ ಮೀನು ನಮ್ಮ ಹೋಟೆಲುಗಳಲ್ಲಿ ಬಾಸಾ ಎಂದು ತಟ್ಟೆಗೆ ಬರುವ ಅದೇ ಮೀನು. ಅದೂ ಮೀಟರ್ ದಾಟುತ್ತದೆ. ಇಂಥವುಗಳಿಗೆ ಮೇಲೆ ವಿವರಿಸಿದ 2,200 ಲೀಟರಿನ ತೊಟ್ಟಿಯೂ ಸೆರೆಮನೆಯೇ, ಕೊಳ್ಳದಿರುವುದೇ ಲೇಸು. ದೊಡ್ಡ ತೊಟ್ಟಿಗೆ ನಿಜವಾಗಿ ಒಪ್ಪುವುದು ಗುಂಪಿನಲ್ಲಿ ಬಾಳುವ ಮಧ್ಯಮ ಗಾತ್ರದ ಮೀನು: ಮಲಾವಿ, ಟ್ಯಾಂಗನ್ಯೀಕಾ ಸರೋವರಗಳ ಸಿಕ್ಲಿಡ್‌ಗಳು, ಇಲ್ಲವೇ ಪಶ್ಚಿಮ ಘಟ್ಟದ ಹೊಳೆಗಳಿಂದ ಜಗತ್ತಿನ ಅಕ್ವೇರಿಯಂಗಳಿಗೆ ಹೋದ ಡೆನಿಸನ್ ಬಾರ್ಬ್. ಗೇಣುದ್ದಕ್ಕಿಂತ ಕಡಿಮೆಯ, ಕೆಂಪು ಪಟ್ಟಿಯ ಈ ಮೀನು ಹರಿವ ನೀರಿನ ಜೀವಿ. ಪಂಪಿನ ಸೆಳೆತಕ್ಕೆ ಎದುರಾಗಿ ಹಿಂಡುಹಿಂಡಾಗಿ ಈಜಲು ಎಂಟಡಿ ಉದ್ದ ಸಿಕ್ಕರೆ ಅದರ ಚೆಲುವು ಪೂರ್ತಿ ಕಾಣುತ್ತದೆ. ಅತಿಯಾಗಿ ಹಿಡಿದದ್ದರಿಂದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದೀಗ ಅಪಾಯದಂಚಿನ ಮೀನಾಗಿದೆ, ಆದ್ದರಿಂದ ಸಾಕಣೆ ಕೇಂದ್ರದಲ್ಲಿ ಹುಟ್ಟಿದ್ದನ್ನೇ ಕೊಳ್ಳಬೇಕು.

ತೊಟ್ಟಿ ಮೀರಿ ಬೆಳೆದ ಮೀನನ್ನು ಹೊಳೆಗೋ ಕೆರೆಗೋ ಬಿಡುವುದು ಹಲವು ಕಡೆ ಅಪರಾಧ. ತೊಟ್ಟಿಯ ಪಾಚಿ ತಿನ್ನಲೆಂದು ದಕ್ಷಿಣ ಅಮೆರಿಕದಿಂದ ತಂದ ಸಕ್ಕರ್ ಕ್ಯಾಟ್‌ಫಿಶ್ ಹೀಗೆಯೇ ತಪ್ಪಿಸಿಕೊಂಡು ಫ್ಲಾರಿಡಾ, ಟೆಕ್ಸಾಸ್‌ಗಳಲ್ಲೂ ಭಾರತದ ಅನೇಕ ಕೆರೆನದಿಗಳಲ್ಲೂ ನೆಲೆಯೂರಿದೆ. ದಡದಲ್ಲಿ ಬಿಲ ತೋಡಿ ಮಣ್ಣು ಕುಸಿಯುವಂತೆ ಮಾಡುವ ಈ ಮೀನಿನ ಬಿರುಸು ಮೈ ಮೀನುಗಾರರ ಬಲೆಗಳನ್ನು ಹರಿಯುತ್ತದೆ.