ಹೊಂಗೆ ಮರದಡಿಯ ಪದ್ಮಿನಿ

ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ದಾಸರಹಳ್ಳಿಯ ಬಳಿ ಹೆಸರಘಟ್ಟ ರಸ್ತೆಗೆ ತಿರುಗಿಕೊಂಡರೆ ಬಾಗಲಗುಂಟೆ ಸಿಗುತ್ತದೆ. ಇಲ್ಲಿನ ಒಂದು ಅಡ್ಡರಸ್ತೆಯ ಖಾಲಿ ನಿವೇಶನದಲ್ಲಿ, ಹೊಂಗೆ ಮರದ ಕೆಳಗೆ, ನಾಲ್ಕು ಕಡೆಯೂ ಇಟ್ಟಿಗೆಯ ಆಸರೆ ಕೊಟ್ಟು ನಿಲ್ಲಿಸಿದ್ದ ಒಂದು ಪ್ರೀಮಿಯರ್ ಪದ್ಮಿನಿ ಕಾರನ್ನು ನಾನು ಹಲವು ವರ್ಷ ಬೆಳಗಿನ ನಡಿಗೆಯಲ್ಲಿ ನೋಡುತ್ತಿದ್ದೆ. 1978ರ ಕಾರು. ಮೇಲೆ ಹೊಂಗೆ ಎಲೆಯ ರಾಶಿ, ಒಳಗೆ ಬೆಕ್ಕಿನ ಸಂಸಾರ. ಅದರ ಒಡೆಯರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ನಾನು ದಿನವೂ ನಿಂತು ನೋಡುವುದನ್ನು ಗಮನಿಸಿ ಒಂದು ದಿನ ಅವರೇ ಕೇಳಿದರು: "ಮೇಷ್ಟ್ರೇ, ತಗೊಂಡ್‌ಬಿಡಿ. ನಲವತ್ತು ಸಾವಿರ ಕೊಡಿ ಸಾಕು. ಮೇಲೊಂದು ಲಕ್ಷ ಹಾಕಿದ್ರೆ ಹೊಸಾ ಗಾಡಿ ಆಗುತ್ತೆ."

ಈ ಮಾತನ್ನು ಕೇಳಿ ಕೆಟ್ಟವರು ಲೋಕದಲ್ಲಿ ಬಹಳ ಮಂದಿ. ಹಳೆಯ ಕಾರನ್ನು ಕೊಳ್ಳುವುದು ಸುಲಭ, ಏಕೆಂದರೆ ಅದರ ಬೆಲೆ ಕಡಿಮೆ. ಬೆಲೆ ಏಕೆ ಕಡಿಮೆ ಎಂಬ ಪ್ರಶ್ನೆ ಕೊಂಡ ಮೇಲೆ ಹೊಳೆಯುತ್ತದೆ. ಭೌತವಿಜ್ಞಾನ ಕಲಿಸುವವನಾದ ನನಗೆ ಮೊದಲೇ ಹೊಳೆಯಬೇಕಿತ್ತು. ಆದರೆ ನನ್ನನ್ನು ಸೆಳೆದದ್ದು ಲೆಕ್ಕವಲ್ಲ, ಆ ಕಾರಿನ ವಂಶಾವಳಿ. ಪದ್ಮಿನಿ ಬೆಂಗಳೂರಿಗೆ ಪರಕೀಯಳಲ್ಲ. ಅದನ್ನು ತಯಾರಿಸಿದ ಕಂಪೆನಿ ಇಲ್ಲಿಯೇ ಹುಟ್ಟಬೇಕಾಗಿತ್ತು.

ಸರ್ ಎಂ. ವಿಶ್ವೇಶ್ವರಯ್ಯನವರು 1934ರಲ್ಲಿ ಭಾರತಕ್ಕೆ ಯೋಜಿತ ಆರ್ಥಿಕ ವ್ಯವಸ್ಥೆ ಬೇಕೆಂದು ವಾದಿಸುವ ಪುಸ್ತಕವನ್ನು ಪ್ರಕಟಿಸಿದ್ದು ಓದುಗರಿಗೆ ತಿಳಿದಿರಬಹುದು. ಅದರ ಬೆನ್ನಿಗೇ ಅವರು ಎಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಯೂರೋಪು ಮತ್ತು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಂಡುಬಂದು, ಭಾರತದಲ್ಲೊಂದು ಕಾರು ಕಾರ್ಖಾನೆ ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡವರು ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮುಂಬಯಿ ಪ್ರಾಂತ್ಯದ ಕಾಂಗ್ರೆಸ್ ಮಂತ್ರಿಮಂಡಲದ ಬೆಂಬಲ ಅವರಿಗಿತ್ತು. 1939ರಲ್ಲಿ ಆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಾಗ ಅವರು ಮೈಸೂರಿನತ್ತ ತಿರುಗಿದರು. ದಿವಾನ್ ಮಿರ್ಜಾ ಇಸ್ಮಾಯಿಲರು ಕಾರ್ಖಾನೆಯನ್ನು ಬೆಂಗಳೂರಿಗೆ ತರಲು ಉತ್ಸುಕರಾಗಿದ್ದರು. ಅಮೆರಿಕದ ಕ್ರೈಸ್ಲರ್ ಕಂಪೆನಿಯೊಡನೆ ಮಾತುಕತೆಯೂ ಆಯಿತು. ಆದರೆ ಯುದ್ಧಕಾಲ. ಬ್ರಿಟಿಷ್ ಭಾರತ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಯೋಜನೆ ಬೆಂಗಳೂರಿನಲ್ಲಿ ಕಣ್ಣು ಬಿಡಲಿಲ್ಲ.

ಇದೇ ವಾಲ್‌ಚಂದರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಯುದ್ಧಕ್ಕೆ ಕಾರು ಬೇಡವಾಗಿತ್ತು, ವಿಮಾನ ಬೇಕಾಗಿತ್ತು. ಇಂದಿನ ಎಚ್.ಎ.ಎಲ್. ಹುಟ್ಟಿದ್ದು ಹೀಗೆ. ಕಾರು ಕಂಪೆನಿ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಿಂದ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಮೊದಲು ಕುರ್ಲಾದ ಕಾರ್ಖಾನೆಯಲ್ಲಿ ಕ್ರೈಸ್ಲರ್ ಬಳಗದ ಡಾಜ್, ಡಿಸೋಟೊ, ಪ್ಲಿಮತ್ ಗಾಡಿಗಳ ಜೋಡಣೆ. 1950ರ ದಶಕದಲ್ಲಿ ಇಟಲಿಯ ಫಿಯೆಟ್‌ನ ಸಹಯೋಗ. 1964ರ ಫಿಯೆಟ್ 1100 ಡಿಲೈಟ್ ಮಾದರಿಯೇ ಸಣ್ಣಪುಟ್ಟ ಬದಲಾವಣೆಗಳೊಡನೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಇಟಲಿಯಲ್ಲಿ 1960ರ ದಶಕದಲ್ಲೇ ನಿಂತುಹೋದ ಗಾಡಿ ನಮ್ಮಲ್ಲಿ ಸುಮಾರು 2000ದವರೆಗೂ ತಯಾರಾಗುತ್ತಿತ್ತು! 1089 ಘನ ಸೆಂ.ಮೀ.ಗಳ ನಾಲ್ಕು ಸಿಲಿಂಡರಿನ ಎಂಜಿನ್, ಸ್ಟೀರಿಂಗ್ ಪಕ್ಕದ ಗೇರು, ಹಿಂದಿನ ಚಕ್ರಗಳಿಗೆ ಚಾಲನೆ.

ಒಂದೇ ಮಾದರಿ ಇಷ್ಟು ದೀರ್ಘಕಾಲ ಬಾಳಿದ್ದಕ್ಕೆ ಕಾರಣ ಅದರ ಹಿರಿಮೆಯಲ್ಲ, ಲೈಸೆನ್ಸ್ ಪದ್ಧತಿ. ಎಷ್ಟು ಕಾರು ತಯಾರಿಸಬೇಕೆಂಬುದನ್ನು ಸರ್ಕಾರ ನಿರ್ಧರಿಸುತ್ತಿತ್ತು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಸಿಕ್ಕಿದ ಕಾರನ್ನು ಯಾರೂ ಬಿಡುತ್ತಿರಲಿಲ್ಲ, ರಿಪೇರಿ ಮಾಡಿಸುತ್ತಿದ್ದರು. ಎಂಜಿನ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಟಿಂಕರಿಂಗ್ ಎಂಬ ಕಸುಬುಗಳು ಗಲ್ಲಿಗಲ್ಲಿಗಳಲ್ಲಿ ಬೆಳೆದದ್ದು ಆಗ. ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಅನುಕೂಲವಿತ್ತು. 1953ರಲ್ಲಿ ಜಾಲಹಳ್ಳಿಯ ಬಳಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. 1970ರ ದಶಕದಲ್ಲಿ ಅವುಗಳ ಸನಿಹದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡಿತು. ಒಂದು ಗೇರು ಬೇಕೆ, ಕಡಿದುಕೊಡುತ್ತಾರೆ. ಒಂದು ಬುಷ್ ಬೇಕೆ, ಎಚ್.ಎಂ.ಟಿ. ಲೇತಿನ ಮೇಲೆ ಅರ್ಧ ಗಂಟೆಯಲ್ಲಿ ತಿರುಗಿಸಿಕೊಡುತ್ತಾರೆ. ಕಂಪೆನಿ ಬಾಗಿಲು ಮುಚ್ಚಿದ ಮೇಲೂ ಅದರ ಕಾರು ಓಡಬಲ್ಲ ಊರು ಇದು. ಬಾಗಲಗುಂಟೆಯಲ್ಲಿ ಕುಳಿತವನಿಗೆ ಹಳೆ ಕಾರಿನ ಆಸೆ ಹುಟ್ಟಿದರೆ ತಪ್ಪು ಅವನೊಬ್ಬನದೇ ಅಲ್ಲ.

(ಬೆಂಗಳೂರಿನಲ್ಲೇ ತಯಾರಾದ ಕಾರುಗಳೂ ಉಂಟು. 1970ರ ದಶಕದ ಮೂರು ಚಕ್ರದ 'ಬಾದಲ್', 1980ರ ದಶಕದ ಸಿಪಾನಿ 'ಡಾಲ್ಫಿನ್'. ಡಾಲ್ಫಿನ್ ಬ್ರಿಟನ್ನಿನ ರಿಲಯಂಟ್ ಕಿಟನ್ ಎಂಬ ಕಾರಿನ ರೂಪಾಂತರ. ಮೈ ಗಾಜಿನ ನಾರಿನದು. ಅದಕ್ಕೆ ತುಕ್ಕು ಹಿಡಿಯದು ಎಂದು ಹಿಗ್ಗಬೇಕಾಗಿಲ್ಲ, ಕೆಳಗಿನ ಚಾಸಿಸ್ ಉಕ್ಕಿನದೇ. 1983ರ ಕೊನೆಗೆ ಬಂದ ಮಾರುತಿ 800ರ ಎದುರು ಅದು ನಿಲ್ಲಲಿಲ್ಲ.)

ಇನ್ನು ತುಕ್ಕಿನ ವಿಷಯ. ಕಾರನ್ನು ಕೊಳ್ಳುವ ಮೊದಲು ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಪರೀಕ್ಷಿಸಿದೆ. ಉಪಕರಣ ಒಂದೇ: ತೆಳು ಬಟ್ಟೆ ಸುತ್ತಿದ ಒಂದು ಸಣ್ಣ ಕಾಯಂ ಅಯಸ್ಕಾಂತ. ಅಯಸ್ಕಾಂತಕ್ಕೂ ಉಕ್ಕಿಗೂ ನಡುವೆ ಅಂತರ ಬೆಳೆದಂತೆ ಆಕರ್ಷಣೆ ಬಹು ಬೇಗ ಕುಗ್ಗುತ್ತದೆ. ಬಣ್ಣದ ಪದರ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಅಲ್ಲಿ ಅಯಸ್ಕಾಂತ ಗಟ್ಟಿಯಾಗಿ ಕಚ್ಚುತ್ತದೆ. ಟಿಂಕರ್ ಬಳಿದ ಪಟ್ಟಿ ಮೂರು ನಾಲ್ಕು ಮಿಲಿಮೀಟರ್ ಇದ್ದರೆ ಜಾರಿ ಬೀಳುತ್ತದೆ. ಬಾನೆಟ್ ಮತ್ತು ಛಾವಣಿಯ ಮೇಲೆ ಅಯಸ್ಕಾಂತ ನಿಂತಿತು. ಬಾಗಿಲುಗಳ ಕೆಳ ಅಂಚಿನಲ್ಲಿ, ಹಿಂಚಕ್ರದ ಕಮಾನಿನಲ್ಲಿ, ಡಿಕ್ಕಿಯ ತಳದಲ್ಲಿ ಬಿತ್ತು. ಕಣ್ಣಿಗೆ ಕಾರು ಇಡಿಯಾಗಿತ್ತು. ಅಯಸ್ಕಾಂತಕ್ಕೆ ಮುಕ್ಕಾಲು ಪಾಲು ಮಾತ್ರ ಇತ್ತು.

ಏಕೆ ಹೀಗೆ? ಕೇಂಬ್ರಿಜಿನ ಯು.ಆರ್. ಇವಾನ್ಸ್ 1920ರ ದಶಕದಲ್ಲಿ ಉಕ್ಕಿನ ಫಲಕದ ಮೇಲೆ ಉಪ್ಪುನೀರಿನ ಒಂದು ಹನಿಯನ್ನಿಟ್ಟು ಇದಕ್ಕೆ ಉತ್ತರ ತೋರಿಸಿದ. ಹನಿಯ ಅಂಚಿಗೆ ಗಾಳಿಯ ಆಕ್ಸಿಜನ್ ಧಾರಾಳವಾಗಿ ತಲುಪುತ್ತದೆ, ನಡುವಿಗೆ ತಲುಪದು. ಆಗ ಅಂಚು ಕ್ಯಾಥೋಡ್ ಆಗುತ್ತದೆ, ನಡುಭಾಗ ಆನೋಡ್ ಆಗುತ್ತದೆ. ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟು ಅಯಾನಾಗಿ ಕರಗುವುದು ಆನೋಡಿನಲ್ಲಿ, ಅಂದರೆ ಗಾಳಿ ತಾಗದ ಜಾಗದಲ್ಲಿ. ಹೆಚ್ಚು ಗಾಳಿ ಇರುವಲ್ಲಿ ಹೆಚ್ಚು ತುಕ್ಕು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಲೋಹ ಆಳವಾಗಿ ಸವೆಯುವುದು ಕೆಸರು ಮೆತ್ತಿದ ಕಡೆ, ಹೊಂಗೆ ಎಲೆ ಕೊಳೆತು ಕುಳಿತ ಕಡೆ, ಪಟ್ಟಿಯ ಹಿಂದೆ ತೇವ ನಿಂತ ಕಡೆ. ತುಕ್ಕಿನ ಗಾತ್ರ ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು. ಅದು ಉಬ್ಬಿ ಮೇಲಿನ ಬಣ್ಣವನ್ನು ಎತ್ತಿದಾಗ ನಮಗೆ ಗುಳ್ಳೆ ಕಾಣುತ್ತದೆ. ಆ ಹೊತ್ತಿಗೆ ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ತಗಡಿನಲ್ಲಿ ಉಳಿದಿರುವುದು ಅಷ್ಟಕ್ಕಷ್ಟೆ. ಮರದ ನೆರಳಿನಲ್ಲಿ ಕಾರು ಭದ್ರವಾಗಿದೆ ಎನ್ನುವವರಿಗೆ ಈ ಹನಿಯ ಪ್ರಯೋಗವನ್ನು ಮಾಡಿ ತೋರಿಸಬಹುದು. ಫೀನಾಫ್ತಲೀನ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಬೆರೆಸಿದ ಉಪ್ಪುನೀರಿನಲ್ಲಿ ಅಂಚು ಗುಲಾಬಿ ಬಣ್ಣಕ್ಕೂ ನಡು ನೀಲಿಗೂ ತಿರುಗುವುದು ಪ್ರೌಢಶಾಲೆಯ ಪ್ರಯೋಗಾಲಯದಲ್ಲೂ ಸಾಧ್ಯ.

ಇಷ್ಟೆಲ್ಲ ತಿಳಿದ ಮೇಲೂ ನಾನು ಕಾರನ್ನು ಕೊಂಡೆ. ಮನೆಯಾಕೆ ಒಂದೇ ಮಾತು ಹೇಳಿದರು: "ಬೆಕ್ಕುಗಳನ್ನೂ ಕರೆದುಕೊಂಡು ಬನ್ನಿ, ಅದಾದರೂ ಜೀವ ಇರೋದು."

ಮೊದಲು ಒಪ್ಪಿಸಿದ ವರ್ಕ್‌ಶಾಪಿನಲ್ಲಿ ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುವುದಾಗಿ ಹೇಳಿ, ಹಳೆಯ ಪಟ್ಟಿಯ ಮೇಲೆ ಹೊಸ ಪಟ್ಟಿ ಬಳಿದಿದ್ದರು. ಅದನ್ನೂ ಅಯಸ್ಕಾಂತವೇ ಹೇಳಿತು. ಎರಡನೆಯ ಕಡೆ ಕೆಲಸ ಸರಿಯಾಯಿತು, ಆದರೆ ಲಕ್ಷದ ಅಂದಾಜು ಅಲ್ಲಿಗೇ ಮುಗಿಯಿತು. ಎಂಜಿನ್ ತೊಂದರೆ ಕೊಡಲಿಲ್ಲ. ಇಂಧನ ಕೊಟ್ಟಿತು. ಇಂದು ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ಣ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು, ಎಥನಾಲಿಗೆ 9 ಸಾಕು. ಮಿಶ್ರಣಕ್ಕೆ ಲೆಕ್ಕ ಹಾಕಿದರೆ ಸುಮಾರು 13.5. ಹೊಸ ಕಾರಿನ ಕಂಪ್ಯೂಟರ್ ಇದನ್ನು ಅರಿತು ಇಂಧನ ಹೆಚ್ಚಿಸುತ್ತದೆ. ಪದ್ಮಿನಿಯ ಕಾರ್ಬ್ಯುರೇಟರಿನ ಜೆಟ್ ಒಂದು ತೂತು ಮಾತ್ರ. ಅದಕ್ಕೆ ಏನೂ ತಿಳಿಯದು. ಜೆಟ್ ಬದಲಿಸಬೇಕು, ಎಥನಾಲಿಗೆ ಉಬ್ಬುವ ಹಳೆಯ ರಬ್ಬರ್ ಕೊಳವೆಗಳನ್ನೂ ಬದಲಿಸಬೇಕು.

ನನ್ನನ್ನು ನಿಜವಾಗಿ ಕಾಡಿದ್ದು ಬಂಪರು. ಪದ್ಮಿನಿಯ ಅಂದವೆಲ್ಲ ಇರುವುದು ಅದರ ಕ್ರೋಮಿಯಂ ಹೊಳಪಿನಲ್ಲಿ. ಉಕ್ಕಿನ ಮೇಲೆ ಮೊದಲು ನಿಕ್ಕಲ್, ಅದರ ಮೇಲೆ ಕ್ರೋಮಿಯಂ ಲೇಪಿಸುತ್ತಾರೆ. ಬಂಪರಿನ ಮೇಲ್ಮೈ ಅರ್ಧ ಚದರ ಮೀಟರ್ ಎಂದಿಟ್ಟುಕೊಳ್ಳೋಣ. 20 ಮೈಕ್ರೊಮೀಟರ್ ದಪ್ಪದ ನಿಕ್ಕಲ್ ಎಂದರೆ 10 ಘನ ಸೆಂ.ಮೀ., ಸುಮಾರು 89 ಗ್ರಾಂ. ಫ್ಯಾರಡೆ ನಿಯಮದ ಪ್ರಕಾರ ಇದಕ್ಕೆ ಸುಮಾರು 2.9 ಲಕ್ಷ ಕೂಲಂಬ್ ವಿದ್ಯುದಂಶ ಬೇಕು. 200 ಆಂಪೇರ್ ಹರಿಸಿದರೆ 25 ನಿಮಿಷ. ಕ್ರೋಮಿಯಂ ಪದರವಾದರೋ 0.3 ಮೈಕ್ರೊಮೀಟರ್ ಮಾತ್ರ. ತೂಕ ಹಾಕಿದರೆ ಹೆಚ್ಚುಕಡಿಮೆ ಒಂದು ಗ್ರಾಂ. ದಾರಿಹೋಕರು ತಿರುಗಿ ನೋಡುವ ಹೊಳಪು ಆ ಒಂದು ಗ್ರಾಮಿನದು.

ಸಾಂಪ್ರದಾಯಿಕ ವಿಧಾನದಲ್ಲಿ ಈ ಲೋಹ ಬರುವುದು ಕ್ರೋಮಿಕ್ ಆಮ್ಲದ ತೊಟ್ಟಿಯಿಂದ. ಅದರಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್‌ಕಾರಕ. ತೊಟ್ಟಿಯ ಒಂದು ಲೀಟರ್ ದ್ರಾವಣದಲ್ಲಿ ಸುಮಾರು 130 ಗ್ರಾಂ ಕ್ರೋಮಿಯಂ ಇರುತ್ತದೆ. ಅಂದರೆ ಒಂದು ಗ್ರಾಂ ಇರುವುದು ಎಂಟು ಮಿಲಿಲೀಟರಿನಲ್ಲಿ, ಎರಡು ಟೀ ಚಮಚಕ್ಕೂ ಕಡಿಮೆ. ಬಂಪರನ್ನು ಮೇಲೆತ್ತಿದಾಗ ಅದಕ್ಕೆ ಅಂಟಿಬರುವ ದ್ರಾವಣ ಇದಕ್ಕಿಂತ ಕಡಿಮೆಯೇನಲ್ಲ. ಅದನ್ನು ನೀರಿನಲ್ಲಿ ತೊಳೆಯುತ್ತಾರೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಭಾಗಿಸಿ ನೋಡಿ: ತೊಳೆದ ನೀರು ಹಾಗೆಯೇ ಮಣ್ಣಿಗೆ ಹೋದರೆ, ಒಂದು ಗ್ರಾಂ ಕ್ರೋಮಿಯಂ 20,000 ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ನಮ್ಮ ಬೀದಿಯ ಲೆಕ್ಕದಲ್ಲಿ ಮೂರು ನಾಲ್ಕು ಟ್ಯಾಂಕರ್.

ಇದು ಕಾಗದದ ಲೆಕ್ಕವಲ್ಲ. ಪೀಣ್ಯದ ಸುತ್ತಲಿನ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವುದನ್ನು ಹಲವು ಅಧ್ಯಯನಗಳು ವರದಿ ಮಾಡಿವೆ. ಅದಕ್ಕೆ ನನ್ನಂಥವರ ಬಂಪರುಗಳಲ್ಲ, ದಶಕಗಳ ಕೈಗಾರಿಕಾ ಲೇಪನ ಕಾರಣ. ಆದರೆ ತೊಟ್ಟಿ ಒಂದೇ. ಹಳೆಯ ಕಾರಿನ ಮೇಲೆ ಮೋಹವಿರುವ ನಾವು ಮೂಲರೂಪ, ಮೂಲಬಣ್ಣ ಎಂದು ಹಟ ಹಿಡಿಯುತ್ತೇವೆ. 2021ರ ಕೇಂದ್ರ ನಿಯಮವೂ ವಿಂಟೇಜ್ ಎನ್ನಿಸಿಕೊಳ್ಳಲು ವಾಹನ 50 ವರ್ಷ ದಾಟಿರಬೇಕು, ಚಾಸಿಸ್, ಮೈಕಟ್ಟು, ಎಂಜಿನ್ನುಗಳು ಮಾರ್ಪಾಡಾಗದೆ ಮೂಲರೂಪದಲ್ಲಿರಬೇಕು ಎನ್ನುತ್ತದೆ. ಹಾಗೆ ನೋಂದಾಯಿಸಿದರೆ 'ವಿಎ' ಅಕ್ಷರಗಳ ವಿಶೇಷ ಫಲಕ ಸಿಗುತ್ತದೆ. ಆದರೆ ದಿನಬಳಕೆಗೆ ಓಡಿಸುವಂತಿಲ್ಲ. ನನ್ನ ಕಾರು 2028ರವರೆಗೆ ಕಾಯಬೇಕು. ಧರ್ಮಸ್ಥಳದ ಸಂಗ್ರಹದ ಕಾರುಗಳ ಮುಂದೆ ನಿಂತು ಆ ಹೊಳಪನ್ನು ನೋಡಿ ಬೆರಗಾದವರಲ್ಲಿ ನಾನೂ ಒಬ್ಬ. ಮೂಲರೂಪದ ಬೆಲೆಯಲ್ಲಿ ಬೋರ್‌ವೆಲ್ಲಿನ ಪಾಲೆಷ್ಟು ಎಂದು ಆಗ ನಾನು ಕೇಳಿಕೊಂಡಿರಲಿಲ್ಲ.

ಲೇಪನ ಮಾಡುವ ಎರಡು ಕಡೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದೆ. ಒಬ್ಬರು ನಕ್ಕರು, ಇನ್ನೊಬ್ಬರು ಬಂಪರನ್ನು ವಾಪಸು ಕೊಟ್ಟರು. ಮೂರನೆಯ ಕಡೆ ಮಾಲೀಕರು, "ಬನ್ನಿ ಸಾರ್" ಎಂದು ಹಿಂಬದಿಗೆ ಕರೆದೊಯ್ದರು. ಹಳದಿ ಬಣ್ಣದ ತೊಳೆನೀರಿಗೆ ಆಮ್ಲ ಬೆರೆಸಿ, ಸೋಡಿಯಂ ಮೆಟಾಬೈಸಲ್ಫೈಟ್ ಪುಡಿ ಹಾಕಿ ಕಲಕಿದರು. ನೋಡನೋಡುತ್ತ ಹಳದಿ ಹೋಗಿ ಹಸಿರಾಯಿತು. ಆರು ವೇಲೆನ್ಸಿಯ ಕ್ರೋಮಿಯಂ ಎಲೆಕ್ಟ್ರಾನುಗಳನ್ನು ಪಡೆದು ಅಪಾಯ ಬಹಳ ಕಡಿಮೆಯಿರುವ ಮೂರು ವೇಲೆನ್ಸಿಯದಾದ ಗುರುತು ಅದು. ಬಳಿಕ ಸುಣ್ಣ ಹಾಕಿದಾಗ ಹೈಡ್ರಾಕ್ಸೈಡ್ ಗಷ್ಟಾಗಿ ತಳ ಸೇರಿತು. ಆ ಗಷ್ಟನ್ನು ಅಪಾಯಕಾರಿ ತ್ಯಾಜ್ಯವೆಂದು ಬೇರೆಯಾಗಿ ಸಾಗಿಸುತ್ತಾರೆ. ಪಠ್ಯದ ಅಪಕರ್ಷಣ ಕ್ರಿಯೆಯನ್ನು ಇಪ್ಪತ್ತೈದು ವರ್ಷ ಬೋರ್ಡಿನ ಮೇಲೆ ಬರೆದ ನಾನು ಅದನ್ನು ಒಂದು ಬೀದಿಯ ನೀರಿನ ಮಟ್ಟದಲ್ಲಿ ಕಂಡದ್ದು ಅಂದೇ. (ಶಾಲೆಗಳಲ್ಲಿ ಇದನ್ನು ಮಾಡಿ ತೋರಿಸುವ ಸಾಹಸ ಬೇಡ.)

ಅವರ ದರ ಉಳಿದವರ ದುಪ್ಪಟ್ಟು. ಮುಂದಿನ ಬಂಪರಿಗೆ ಮಾತ್ರ ದುಡ್ಡು ಸಾಲಿತು. ಹಿಂದಿನದಕ್ಕೆ ಬೆಳ್ಳಿ ಬಣ್ಣ ಬಳಿಸಿದ್ದೇನೆ. ನೋಡಿದವರು ಇದೇನು ಮುಂದೊಂದು ಹಿಂದೊಂದು ಎಂದು ಕೇಳುತ್ತಾರೆ. ಹಾರ್ನ್ ಚೆನ್ನಾಗಿ ಕೆಲಸ ಮಾಡುತ್ತದೆ. ಗೇರ್‌ಬಾಕ್ಸ್ ಇನ್ನೂ ಬೆಂಚಿನ ಮೇಲಿದೆ.